ಕೆಂಪು ದೀಪ ಬರುವ ಮೊದಲು

ತಿಪಟೂರಿನಿಂದ ಅರಸೀಕೆರೆ ಕಡೆ ಹೋಗುವ ದಾರಿಯಲ್ಲಿ ಒಂದು ನಾರಿನ ಫ್ಯಾಕ್ಟರಿ ಇದೆ. ಅಂಗಳದ ತುಂಬ ತೆಂಗಿನ ಮಟ್ಟೆಯ ರಾಶಿ, ಅದರಾಚೆ ನಾರು ಬಿಡಿಸಿದ ಮೇಲೆ ಉಳಿಯುವ ಕಂದು ಪುಡಿಯ ಗುಡ್ಡ. ಆ ಪುಡಿಯನ್ನು ಬಾಚಿ ಬಿಸಿಲಿಗೆ ಹರಡುವುದಕ್ಕೂ ಒಣಗಿದ್ದನ್ನು ಲಾರಿಗೆ ತುಂಬುವುದಕ್ಕೂ ಅವರು ಒಂದು ಸ್ಕಿಡ್ ಸ್ಟಿಯರ್ ಇಟ್ಟುಕೊಂಡಿದ್ದಾರೆ. ಮಣ್ಣು ತೆಗೆಯುವ ಯಂತ್ರಕ್ಕೆಲ್ಲ ಜೆಸಿಬಿ ಎನ್ನುವುದು ನಮ್ಮ ಕಡೆ ರೂಢಿ. ಈ ಗಿಡ್ಡ ಯಂತ್ರಕ್ಕೆ ಮಾತ್ರ, ಯಾವ ಕಂಪನಿಯದಾಗಿರಲಿ, ಬಾಬ್‌ಕ್ಯಾಟ್ ಅಂತಲೇ ಹೆಸರು. ಕಳೆದ ಮಾರ್ಚ್‌ನಲ್ಲಿ ಅಲ್ಲಿಂದ ಫೋನ್ ಬಂತು.

"ಮೇಸ್ತ್ರಿ, ಮತ್ತೆ ಕೆಂಪು ಲೈಟ್ ಬಂದೈತೆ. ಸೆನ್ಸರ್ ಹಾಕ್ಸಿದ್ವಿ, ವಾಟರ್ ಪಂಪ್ ಹಾಕ್ಸಿದ್ವಿ, ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ವಿ. ಅರ್ಧ ಗಂಟೆ ಓಡ್ಸಿದ್ರೆ ಸಾಕು, ಬಂದ್ಬಿಡ್ತದೆ."

ಯಂತ್ರ ಓಡಿಸುವ ಹುಡುಗನ ದನಿಯಲ್ಲಿ ಭಯ ಇತ್ತು. ಇಂಜಿನ್ ಸೀಜ್ ಆದರೆ ಮಾಲೀಕರು ಮೊದಲು ಕೇಳುವುದು ಅವನನ್ನೇ. ಮೂರು ಸಲ ಯಾರ್‍ಯಾರೋ ಬಂದು ಸಾಮಾನು ಬದಲಾಯಿಸಿ ಬಿಲ್ ಮಾಡಿ ಹೋಗಿದ್ದರು. ಯಾರೂ ಯಂತ್ರವನ್ನು ಸುತ್ತು ಹಾಕಿ ನೋಡಿದಂತೆ ಕಾಣಲಿಲ್ಲ.

ಈ ಕಸುಬಿನಲ್ಲಿ ನನಗೆ ನಲವತ್ತೈದು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾನು ಗಟ್ಟಿಯಾಗಿ ನಂಬಿರುವುದು ಒಂದು ಮಾತನ್ನು. ಕೆಂಪು ದೀಪ ಹೇಳುವುದು "ಬಿಸಿಯಾಗಿದೆ" ಅಂತ ಮಾತ್ರ, ಯಾಕೆ ಬಿಸಿಯಾಗಿದೆ ಅಂತ ಅದು ಹೇಳುವುದಿಲ್ಲ. ಯಾಕೆ ಎಂಬುದು ಗೊತ್ತಾಗಬೇಕಾದರೆ ಯಂತ್ರದ ಪೂರ್ವೋತ್ತರ ತಿಳಿದಿರಬೇಕು. ಅದು ಎಲ್ಲಿ ಹುಟ್ಟಿತು, ಯಾವ ಕೆಲಸಕ್ಕೆ ಹುಟ್ಟಿತು, ಅದಕ್ಕಿಂತ ಮುಂಚೆ ಇಂಜಿನ್ನಿನ ಕಾವನ್ನು ಜನ ಹೇಗೆ ಅಳೆಯುತ್ತಿದ್ದರು ಎಂಬುದು. ಹಾಗಾಗಿ ಆ ಅಂಗಳವನ್ನು ಅಲ್ಲಿಗೇ ಬಿಟ್ಟು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ಅಮೆರಿಕದ ಮಿನ್ನೆಸೋಟ ರಾಜ್ಯದ ಪಡುವಣ ಅಂಚಿನಲ್ಲಿ ರಾಥ್ಸೆ ಅಂತ ಒಂದು ಸಣ್ಣ ಊರು. ಅದರ ಹತ್ತಿರ ಸಿರಿಲ್ ಕೆಲ್ಲರ್, ಲೂಯಿ ಕೆಲ್ಲರ್ ಎಂಬ ಅಣ್ಣತಮ್ಮಂದಿರು ರೈತರ ಯಂತ್ರ ರಿಪೇರಿ ಮಾಡುವ ವರ್ಕ್‌ಶಾಪ್ ಇಟ್ಟಿದ್ದರು. ನನ್ನಂಥವರೇ, ಬೆಸುಗೆ ಹಾಕುವವರು, ಕಬ್ಬಿಣ ಕತ್ತರಿಸುವವರು. 1956ರಲ್ಲಿ ಎಡ್ಡಿ ವೆಲೊ ಎಂಬ ಟರ್ಕಿ ಕೋಳಿ ಸಾಕುವ ರೈತ ಅವರ ಹತ್ತಿರ ತನ್ನ ಕಷ್ಟ ಹೇಳಿಕೊಂಡ. ಅವನ ಕೋಳಿಮನೆಗೆ ಮಹಡಿ ಇತ್ತು. ಒಳಗೆ ಸಾಲು ಸಾಲು ಮರದ ಕಂಬಗಳು. ಗೊಬ್ಬರ ಬಾಚಲು ಟ್ರ್ಯಾಕ್ಟರ್ ತರೋಣವೆಂದರೆ ಕಂಬಗಳ ನಡುವೆ ಅದು ತಿರುಗುವುದಿಲ್ಲ, ಮಹಡಿಯ ಹಲಗೆ ಅದರ ಭಾರ ತಡೆಯುವುದಿಲ್ಲ. ಆಳುಗಳು ಸಲಿಕೆ ಹಿಡಿದು ದಿನಗಟ್ಟಲೆ ಬಾಚಬೇಕು.

ಅಣ್ಣತಮ್ಮಂದಿರು ಮೂರು ಗಾಲಿಯ ಒಂದು ಪುಟ್ಟ ಯಂತ್ರ ಮಾಡಿದರು. ಮುಂದೆ ಎಳೆಯುವ ಎರಡು ಗಾಲಿ, ಹಿಂದೆ ಸುತ್ತ ತಿರುಗುವ ಒಂದು ಸಣ್ಣ ಗಾಲಿ. ಎಡಗಾಲಿ ಮುಂದಕ್ಕೆ, ಬಲಗಾಲಿ ಹಿಂದಕ್ಕೆ ಓಡಿದರೆ ಯಂತ್ರ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. 1957ರ ಫೆಬ್ರುವರಿಯಲ್ಲಿ ಅದು ವೆಲೊ ಕೈ ಸೇರಿತು. ಮರುವರ್ಷ ಪಕ್ಕದ ನಾರ್ತ್ ಡಕೋಟ ರಾಜ್ಯದ ಗ್ವಿನ್ನರ್ ಊರಿನ ಮೆಲ್ರೋ ಕಂಪನಿಯವರು ಅದನ್ನು ಮಿನ್ನೆಸೋಟ ರಾಜ್ಯದ ಜಾತ್ರೆಗೆ ಒಯ್ದು ಜನಕ್ಕೆ ತೋರಿಸಿದರು, ಆಮೇಲೆ ಅದನ್ನು ಮಾಡುವ ಹಕ್ಕನ್ನೂ ಪಡೆದರು. 1960ರಲ್ಲಿ ಹಿಂದಿನ ಒಂಟಿ ಗಾಲಿ ಹೋಗಿ ನಾಲ್ಕು ಗಾಲಿಯೂ ಎಳೆಯುವ ಎಂ-400 ಬಂತು. ಗಾಲಿ ಹೊರಳುವುದಿಲ್ಲ, ಟೈರು ನೆಲವನ್ನು ಉಜ್ಜಿಕೊಂಡೇ ಯಂತ್ರ ತಿರುಗಬೇಕು. ಸ್ಕಿಡ್ ಸ್ಟಿಯರ್ ಎಂಬ ಹೆಸರಿನ ಅರ್ಥ ಇದೇ, ಜಾರಿ ತಿರುಗುವುದು. 1962ರಲ್ಲಿ ಬಾಬ್‌ಕ್ಯಾಟ್ ಎಂದು ನಾಮಕರಣವಾಯಿತು. ಅದು ಆ ಸೀಮೆಯ ಒಂದು ಕಾಡುಬೆಕ್ಕಿನ ಹೆಸರು.

ಈ ಕತೆಯನ್ನು ನನಗೆ ಓದಿ ಹೇಳಿದವಳು ಮಗಳು. ನಾನು ತಲೆದೂಗುತ್ತಾ ಕೇಳಿದೆ. ಯಾಕೆಂದರೆ ನನ್ನ ಗ್ಯಾರೇಜಿಗೆ ಬರುವ ಈ ಯಂತ್ರಗಳ ಅರ್ಧ ಕಾಯಿಲೆಗೆ ಉತ್ತರ ಅದರಲ್ಲೇ ಇತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಕಂಬಗಳ ನಡುವೆ ತೂರಬೇಕಿತ್ತು, ಅದಕ್ಕೇ ಮೈ ಗಿಡ್ಡ. ಮುಂದಿನ ಬಕೆಟ್ಟಿನ ಭಾರಕ್ಕೆ ಹಿಂದೆ ಸಮತೂಕ ಬೇಕಿತ್ತು, ಅದಕ್ಕೇ ಇಂಜಿನ್ ಹಿಂಬದಿಯಲ್ಲಿ, ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಒತ್ತಿ ತುರುಕಿದ ಹಾಗೆ ಕೂತಿದೆ. ಕೆಲಸವೋ, ತಾನೇ ಎಬ್ಬಿಸಿದ ಧೂಳಿನ ನಡುವೆ. ಲಾರಿಗಾದರೆ ಓಡುವಾಗ ಎದುರು ಗಾಳಿ ರೇಡಿಯೇಟರಿಗೆ ಬಡಿಯುತ್ತದೆ. ಇದು ಹೆಚ್ಚು ಹೊತ್ತು ಇದ್ದ ಜಾಗದಲ್ಲೇ ಹಿಂದೆ ಮುಂದೆ ಆಡುತ್ತಿರುತ್ತದೆ. ಇಡೀ ಇಂಜಿನ್ ಉಸಿರಾಡುವುದು ಒಂದು ಫ್ಯಾನಿನ ದಯೆಯಿಂದ.

ಮೊದಮೊದಲ ಯಂತ್ರಗಳಲ್ಲಿ ಗಾಳಿಯಿಂದಲೇ ತಣಿಯುವ ಸಣ್ಣ ಪೆಟ್ರೋಲ್ ಇಂಜಿನ್ ಇದ್ದವು. ರೇಡಿಯೇಟರೂ ಇಲ್ಲ, ನೀರೂ ಇಲ್ಲ. 1980ರ ದಶಕದ ಹೊತ್ತಿಗೆ ನೀರಿನಿಂದ ತಣಿಯುವ ಡೀಸೆಲ್ ಇಂಜಿನ್ ಸಾಮಾನ್ಯವಾಯಿತು. ಆ ಕಾಲದ ಹೆಸರಾಂತ ಬಾಬ್‌ಕ್ಯಾಟ್ 743ರಲ್ಲಿ ಇದ್ದದ್ದು ಜಪಾನಿನ ಕುಬೋಟ ಡೀಸೆಲ್. ಜತೆಗೆ ಕ್ಲಚ್ಚು ಬೆಲ್ಟುಗಳ ಜಾಗಕ್ಕೆ ಹೈಡ್ರಾಲಿಕ್ ಪಂಪು, ಮೋಟಾರು ಬಂದವು. ಆ ಎಣ್ಣೆಯೂ ಕಾಯುತ್ತದೆ, ಅದಕ್ಕೂ ಒಂದು ಕೂಲರ್ ಬೇಕು. ಇರುವ ಅಂಗೈಯಗಲ ಜಾಗದಲ್ಲಿ ಅದನ್ನೆಲ್ಲಿ ಇಡುವುದು? ಬಹಳ ಯಂತ್ರಗಳಲ್ಲಿ ರೇಡಿಯೇಟರಿನ ಮಗ್ಗುಲಿಗೇ, ಒಂದರ ಬೆನ್ನಿಗೆ ಒಂದು ಒರಗಿಸಿ ಇಟ್ಟರು. ಒಂದೇ ಗಾಳಿ ಎರಡನ್ನೂ ತಣಿಸಬೇಕು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಇಂಜಿನ್ನನ್ನು ನೀರಿನಿಂದ ತಣಿಸುವ ಕತೆ ಇದಕ್ಕಿಂತ ಬಹಳ ಹಳೆಯದು. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ಬಂಡಿಯಲ್ಲಿ ಇವತ್ತಿನಂಥ ರೇಡಿಯೇಟರ್ ಇರಲಿಲ್ಲ. ನೀರು ಕುದ್ದು ಆವಿಯಾಗಿ ಹೋಗುತ್ತಿತ್ತು, ಹೋದಷ್ಟನ್ನು ಮತ್ತೆ ಹೊಯ್ಯಬೇಕಿತ್ತು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ತಿಳಿಸದೆ, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮೀರಿದ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು, ನೀರು ಮುಗಿದಾಗೆಲ್ಲ ದಾರಿಯಲ್ಲಿ ಸಿಕ್ಕಲ್ಲಿ ತುಂಬಿಕೊಂಡಳು. ಇಂಜಿನ್ ಕಾದಿದೆ, ನೀರು ಬೇಕು ಎಂದು ದಾರಿ ಬದಿಯಲ್ಲಿ ನಿಂತವರ ಸಾಲಿನಲ್ಲಿ ಮೊದಲ ಹೆಸರು ಒಬ್ಬ ಹೆಣ್ಣುಮಗಳದು. ನಮ್ಮ ಕಸುಬಿನವರು ಅವಳನ್ನು ಗೌರವದಿಂದ ನೆನೆಯಬೇಕು.

ಆಮೇಲೆ ವಿಲ್‌ಹೆಲ್ಮ್ ಮೇಬಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 1901ರಲ್ಲಿ ರಸ್ತೆಗಿಳಿದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನ ರೇಡಿಯೇಟರಿನಲ್ಲಿ 8,070 ಸಣ್ಣ ಕೊಳವೆಗಳಿದ್ದವು, ಒಂದೊಂದರ ಬಾಯಿ ಆರು ಮಿಲಿಮೀಟರ್ ಚೌಕ. ಗಾಳಿ ಅದರೊಳಗೆ ಹಾದರೆ ಸುತ್ತಲ ನೀರು ತಣಿಯುತ್ತದೆ. ಒಂಬತ್ತು ಲೀಟರ್ ನೀರು ಸಾಕಾಯಿತು. ಆ ಆರು ಮಿಲಿಮೀಟರ್ ಬಾಯಿಯನ್ನು ಯೋಚಿಸುವಾಗ ನನಗೆ ನಮ್ಮ ನಾರಿನ ಪುಡಿ ನೆನಪಾಗುತ್ತದೆ. ರೇಡಿಯೇಟರ್ ಎಂದರೆ ಸಾವಿರಾರು ಸಣ್ಣ ಬಾಯಿ, ಅವು ತೆರೆದಿದ್ದರೆ ಇಂಜಿನ್ನಿಗೆ ಜೀವ.

ಆದರೆ ಒಳಗೆ ಎಷ್ಟು ಕಾವಿದೆ ಎಂದು ತಿಳಿಯುವುದು ಹೇಗೆ? 1910ರ ದಶಕದಲ್ಲಿ ಅಮೆರಿಕದಲ್ಲಿ ಬಾಯ್ಸ್ ಮೋಟೊಮೀಟರ್ ಎಂಬ ಉಷ್ಣಮಾಪಕ ಬಂತು. ರೇಡಿಯೇಟರಿನ ಮುಚ್ಚಳದ ನೆತ್ತಿಯ ಮೇಲೆ ಕೂತಿರುತ್ತಿತ್ತು, ಡ್ರೈವರಿಗೆ ಗಾಜಿನಾಚೆ ಕಾಣುತ್ತಿತ್ತು. ಅದು ಅಳೆಯುತ್ತಿದ್ದದ್ದು ನೀರನ್ನಲ್ಲ, ನೀರಿನ ಮೇಲಿನ ಆವಿಯನ್ನು. 1930ರ ದಶಕದಲ್ಲಿ ಹಡ್ಸನ್ ಕಾರುಗಳು ಎಣ್ಣೆಯ ಒತ್ತಡಕ್ಕೆ ಮುಳ್ಳಿನ ಮೀಟರ್ ಬಿಟ್ಟು ಎಚ್ಚರಿಕೆಯ ದೀಪ ತಂದವು. ಕಾವಿಗೆ ದೀಪ ಬಂದದ್ದು ಆಮೇಲೆ. ಅಮೆರಿಕದವರು ಇಂಥ ದೀಪಕ್ಕೆ ದಡ್ಡರ ದೀಪ ಅಂತ ಅಡ್ಡಹೆಸರಿಟ್ಟರು. ಮೀಟರ್ ಓದಲು ಬಾರದವರಿಗೆ ಅಂತ ಅದರ ಅರ್ಥ. ನನಗೆ ಈ ಹೆಸರು ಹಿಡಿಸುವುದಿಲ್ಲ. ಧೂಳಿನ ಅಂಗಳದಲ್ಲಿ ಎರಡೂ ಕೈ ಲಿವರ್ ಮೇಲೆ, ಕಣ್ಣು ಬಕೆಟ್ ಮೇಲೆ ಇಟ್ಟು ಹತ್ತು ಗಂಟೆ ದುಡಿಯುವವನು ದಡ್ಡನಲ್ಲ. ಮುಳ್ಳು ನೋಡಲು ಅವನಿಗೆ ಪುರುಸೊತ್ತಿಲ್ಲ, ಅಷ್ಟೇ.

ನಮ್ಮ ಕಡೆ ಇಂಜಿನ್ನಿನ ಕಾವು ನೋಡುವುದನ್ನು ನಾನು ಕಲಿತದ್ದು ತೋಟದಲ್ಲಿ. ಅಜ್ಜನ ಬಾವಿಗೆ ಡೀಸೆಲ್ ಇಂಜಿನ್ ಇತ್ತು. ಕಿರ್ಲೋಸ್ಕರ್ ಇಂಜಿನ್ ಎಂದರೆ ಆಗ ಮನೆಮಾತು. ಆ ಮನೆತನದ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಈಗಿನ ಬೆಳಗಾವಿ ಜಿಲ್ಲೆಯಲ್ಲಿ. ಮೊದಲ ಅಂಗಡಿ ಬೆಳಗಾವಿಯಲ್ಲೇ ಇಟ್ಟದ್ದು ಸೈಕಲ್ಲಿನದು. ಆಯಿಲ್ ಇಂಜಿನ್ ಕಂಪನಿ ಶುರುವಾದದ್ದು 1946ರಲ್ಲಿ, ಪುಣೆಯಲ್ಲಿ. ತೋಟದ ಇಂಜಿನ್ನಿಗೆ ರೇಡಿಯೇಟರ್ ಇರಲಿಲ್ಲ. ಅದು ಮೇಲೆತ್ತಿದ ಬಾವಿ ನೀರಲ್ಲೇ ಒಂದು ಪಾಲು ಸಣ್ಣ ಪೈಪಿನಲ್ಲಿ ಇಂಜಿನ್ನಿನ ಹೊಟ್ಟೆಯೊಳಗೆ ಹಾದು, ಬೆಚ್ಚಗಾಗಿ ಆಚೆ ಬಂದು ಕಾಲುವೆಗೆ ಬೀಳುತ್ತಿತ್ತು. ಅಜ್ಜ ಆಗಾಗ ಬಂದು ಆ ಧಾರೆಗೆ ಕೈಯೊಡ್ಡುತ್ತಿದ್ದರು. ಸ್ನಾನದ ನೀರಿನ ಹದದಲ್ಲಿದ್ದರೆ ಸರಿ. ಕೈ ಹಿಂದಕ್ಕೆಳೆಯುವಷ್ಟು ಸುಟ್ಟರೆ ಎಲ್ಲೋ ಕಟ್ಟಿಕೊಂಡಿದೆ, ವಾಲ್ವ್ ಇನ್ನೊಂದು ಸುತ್ತು ಬಿಚ್ಚಬೇಕು. ತೀರ ತಣ್ಣಗಿದ್ದರೂ ಅವರಿಗೆ ಸಮಾಧಾನವಿರಲಿಲ್ಲ. "ಇಂಜಿನ್ ಚಳಿ ಹಿಡ್ಕೊಂಡ್ರೆ ಎಣ್ಣೆ ಜಾಸ್ತಿ ಕುಡಿತದೆ ಮಗ" ಅನ್ನುತ್ತಿದ್ದರು. ಬೆರಳಲ್ಲೇ ಅವರಿಗೆ ಮೀಟರ್ ಇತ್ತು.

ಅಪ್ಪ ಟಾಟಾ ಲಾರಿ ಓಡಿಸುತ್ತಿದ್ದರು. 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜತೆ ಸೇರಿ ಟಾಟಾದವರು ಲಾರಿ ಮಾಡಲು ತೊಡಗಿದ ಮೇಲೆ ಬಹಳ ವರ್ಷ ನಮ್ಮವರ ಬಾಯಲ್ಲಿ ಅದು ಬೆಂಜ್ ಲಾರಿಯೇ. ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ. ವಾಪಸ್ ಬರುವಾಗ ಮಂಗಳೂರು ಹೆಂಚು. ಇಳಿಯುವಾಗ ಬ್ರೇಕಿನ ಚಿಂತೆ, ಹತ್ತುವಾಗ ನೀರಿನ ಚಿಂತೆ. 1979ರಲ್ಲಿ ನಾನು ಅದೇ ಲಾರಿಗೆ ಕ್ಲೀನರ್ ಆದೆ.

ಗುಂಡ್ಯದ ಹತ್ತಿರ ಏರು ಶುರು. ಪಕ್ಕದಲ್ಲೇ ಕೆಂಪುಹೊಳೆ. ಹೆಂಚಿನ ಭಾರಕ್ಕೆ ಲಾರಿ ಒಂದನೇ ಗೇರಿನಲ್ಲಿ, ನಡೆದುಕೊಂಡು ಹೋಗುವವನಷ್ಟೇ ವೇಗದಲ್ಲಿ ಏರುತ್ತಿತ್ತು. ಇಂಜಿನ್ ಪೂರ್ತಿ ದುಡಿಯುತ್ತಿದೆ, ಎದುರುಗಾಳಿ ಇಲ್ಲ, ಮಂಗಳೂರು ಸೀಮೆಯ ಸೆಕೆ ಬೇರೆ. ಡ್ಯಾಷಿನಲ್ಲಿ ಮುಳ್ಳಿನ ಮೀಟರ್ ಇತ್ತಾದರೂ ಅದು ಕೆಟ್ಟು ಎಷ್ಟೋ ವರ್ಷವಾಗಿತ್ತು. ಅಪ್ಪ ಮೂಗನ್ನೇ ನಂಬಿದ್ದರು. ನೀರು ಕುದಿಯುವ ಮೊದಲು ಬಿಸಿ ರಬ್ಬರಿನ, ಬಿಸಿ ಪೇಂಟಿನ ಒಂದು ವಾಸನೆ ಕ್ಯಾಬಿನ್ನಿಗೆ ನುಗ್ಗುತ್ತದೆ. ಇಂಜಿನ್ನಿನ ಸದ್ದೂ ಒಣಗುತ್ತದೆ. "ನಿಲ್ಸಾಣ" ಅಂತ ಅವರೇ ಹೇಳಿಕೊಂಡು ಅಗಲವಾದ ತಿರುವಿನಲ್ಲಿ ಬದಿಗೆ ಹಾಕುತ್ತಿದ್ದರು. ನಾನು ಮರದ ತುಂಡು ಹಿಡಿದು ಇಳಿದು ಹಿಂದಿನ ಗಾಲಿಗೆ ಒಡ್ಡುತ್ತಿದ್ದೆ. ಆಮೇಲೆ ಸೀಮೆಎಣ್ಣೆ ಡಬ್ಬ ಹಿಡಿದು ಹೊಳೆಗೆ ಇಳಿಯುವುದು.

ಡಬ್ಬ ತಂದ ಮೇಲೂ ಸುಮ್ಮನೆ ಕೂರಬೇಕು. ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ. ಅಪ್ಪ ಒಂದು ಬೀಡಿ ಸೇದಿ ಮುಗಿಸುವವರೆಗೆ ಮುಚ್ಚಳ ಮುಟ್ಟಕೂಡದು. ಒಂದು ಮಳೆಗಾಲದ ಸಂಜೆ ಪಕ್ಕದಲ್ಲಿ ನಿಂತಿದ್ದ ಬೇರೆ ಲಾರಿಯ ಕ್ಲೀನರ್, ನನಗಿಂತ ಎರಡು ವರ್ಷ ಚಿಕ್ಕವನು, ಅವಸರಕ್ಕೆ ಬಿದ್ದು ಗೋಣಿತಾಟು ಹಾಕಿ ಮುಚ್ಚಳ ತಿರುಗಿಸಿದ. ಕುದಿನೀರು ಮನುಷ್ಯನೆತ್ತರಕ್ಕೆ ಎದ್ದು ಅವನ ಕೈ, ಎದೆ, ಕೆನ್ನೆಯ ಮೇಲೆ ಬಿತ್ತು. ಅವನ ಕೂಗು ಘಾಟಿಯಲ್ಲಿ ಎರಡು ಸಲ ಕೇಳಿಸಿತು. ಮುಚ್ಚಳ ನೀರನ್ನು ಒತ್ತಿ ಹಿಡಿದಿರುತ್ತದೆ, ಅದಕ್ಕೇ ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ. ಚದರ ಇಂಚಿಗೆ ಹದಿನೈದು ಪೌಂಡಿನ ಮುಚ್ಚಳವಿದ್ದರೆ ಬರೀ ನೀರು ಕುದಿಯುವುದು 120 ಡಿಗ್ರಿಯ ಸುಮಾರಿಗೆ. ಮುಚ್ಚಳ ಬಿಚ್ಚಿದ ಗಳಿಗೆಯಲ್ಲಿ ಒತ್ತಡ ಹೋಗಿ ಎಲ್ಲವೂ ಒಮ್ಮೆಗೇ ಕುದಿಯುತ್ತದೆ. ಇವತ್ತಿಗೂ ಯಾವ ಹುಡುಗ ಕೆಲಸ ಕಲಿಯಲು ಬಂದರೂ ನಾನು ಹೇಳಿಕೊಡುವ ಮೊದಲ ಪಾಠ ಇದು.

ಘಾಟಿಯ ಆ ದಿನಗಳು ರೇಡಿಯೇಟರ್ ಅಂಗಡಿಗಳನ್ನೂ ಸಾಕಿದವು. ಲಾರಿ ನಿಲ್ಲುವ ಊರುಗಳಲ್ಲೆಲ್ಲ ಒಂದೆರಡು ಅಂಗಡಿ ಇರುತ್ತಿದ್ದವು. ತಾಮ್ರ ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಿ ತಂದು ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದಿದರೆ ಗುಳ್ಳೆ ಎದ್ದಲ್ಲಿ ತೂತು. ತವರದ ಬೆಸುಗೆ ಹಾಕಿದರೆ ಮುಗಿಯಿತು. ಒಳಗೆ ಕಟ್ಟಿಕೊಂಡಿದ್ದರೆ ಮೇಲಿನ ಟ್ಯಾಂಕ್ ಬಿಡಿಸಿ, ಒಂದೊಂದು ಕೊಳವೆಗೂ ಚಪ್ಪಟೆ ಕಡ್ಡಿ ತೂರಿಸಿ ಕೆರೆಯುತ್ತಿದ್ದರು. ದಿನವಿಡೀ ಹಿಡಿಯುವ ಕೆಲಸ. ಅಲ್ಯುಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕು ಬಂದ ಮೇಲೆ ಬೆಸುಗೆಗೆ ಜಾಗವೇ ಇಲ್ಲ, ಕೆಟ್ಟರೆ ಹೊಸದು. ನಾನು ಕಂಡ ಅಂಗಡಿಗಳಲ್ಲಿ ಬಹುಪಾಲು ಮುಚ್ಚಿವೆ. ಅವರ ಜತೆ ಒಂದು ಅಭ್ಯಾಸವೂ ಹೋಯಿತು, ಬದಲಾಯಿಸುವ ಮೊದಲು ಒಳಗೆ ಇಣುಕಿ ನೋಡುವ ಅಭ್ಯಾಸ.

ಈಗ ನಾರಿನ ಅಂಗಳಕ್ಕೆ ಬರೋಣ.

ಮೊದಲು ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ದೀಪ ಯಾವಾಗ ಬರುತ್ತದೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಂದರೆ ತಂತಿಯೋ ಸ್ವಿಚ್ಚೋ ಕೆಟ್ಟಿದೆ, ತಣ್ಣಗಿನ ಇಂಜಿನ್ನಿಗೆ ಕಾವೆಲ್ಲಿಯದು? ಅರ್ಧ ಗಂಟೆ ಲೋಡ್ ಕೊಟ್ಟ ಮೇಲೆ ಬಂದು, ನಿಲ್ಲಿಸಿ ಆರಿಸಿದರೆ ಹೋಗುತ್ತದೆ ಅಂದರೆ ಕಾವು ನಿಜ. ಇವನದು ಎರಡನೆಯದು. ಆದರೂ ದೂರದಿಂದ ಕಾವು ಅಳೆಯುವ ಗನ್ ಹಿಡಿದು ಸೆನ್ಸರಿನ ಬುಡ ನೋಡಿದೆ. ದೀಪ ಹೊತ್ತಿದಾಗ 108 ಡಿಗ್ರಿ. ಹೊಸ ಸೆನ್ಸರ್ ಸುಳ್ಳು ಹೇಳುತ್ತಿರಲಿಲ್ಲ, ಹಳೆಯದೂ ಹೇಳಿರಲಿಕ್ಕಿಲ್ಲ.

ಯಂತ್ರ ಆರಿಸಿ, ತೋಳು ಕೆಳಗಿಳಿಸಿ, ಕೀಲಿ ನನ್ನ ಜೇಬಿಗೆ ಹಾಕಿಕೊಂಡೆ. ತಣಿಯಲು ಬಿಟ್ಟು ಚಹಾ ಕುಡಿದೆವು. ಆಮೇಲೆ ಮುಚ್ಚಳ ಬಿಚ್ಚಿದೆ. ನೀರು ಕತ್ತಿನ ಮಟ್ಟಕ್ಕೆ ಇತ್ತು, ಆದರೆ ಬರೀ ನೀರು, ಕೂಲೆಂಟಿನ ಬಣ್ಣವೇ ಇಲ್ಲ. ಬೆರಳು ಹಾಕಿ ಒಳಗಿನ ಅಂಚು ಸವರಿದರೆ ಬಿಳಿ ಹಕ್ಕಳೆ. "ಯಾವ ನೀರಪ್ಪ ಹಾಕೋದು?" "ಬೋರಿಂದೇ ಮೇಸ್ತ್ರಿ." ನಮ್ಮ ಸೀಮೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ಹೆಂಗಸರನ್ನು ಕೇಳಬೇಕು, ನೀರು ಕಾಯಿಸುವ ಹಂಡೆಯ ತಳ ನೋಡಿದವರು ಅವರು. ಅದೇ ಸುಣ್ಣ ಇಂಜಿನ್ನಿನ ಒಳಗೋಡೆಗೂ ಹತ್ತುತ್ತದೆ. ಎಣ್ಣೆಯ ಕಡ್ಡಿ ಎಳೆದು ನೋಡಿದೆ, ಎಣ್ಣೆ ಹಾಲಿನಂತೆ ಬೆಳ್ಳಗಾಗಿರಲಿಲ್ಲ. ಸ್ಟಾರ್ಟ್ ಮಾಡಿಸಿ ಬಾಯಿಯಲ್ಲಿ ನೋಡಿದೆ, ಬಿಡದೆ ಏಳುವ ಗುಳ್ಳೆ ಇಲ್ಲ. ಹೆಡ್ ಗ್ಯಾಸ್ಕೆಟ್ ಉಳಿದಿತ್ತು. ಅದೊಂದು ಸಮಾಧಾನ. ಇಂಜಿನ್ ಆರಿಸಿ ಬೆಲ್ಟ್ ಒತ್ತಿ ನೋಡಿದೆ, ಬಿಗಿ ಸರಿಯಿತ್ತು.

ಆಮೇಲೆ ಹಿಂಬಾಗಿಲು. ರೇಡಿಯೇಟರಿನ ಹೊರಮುಖ ನೋಡಲು ಚೊಕ್ಕಟವಾಗಿತ್ತು. ಹುಡುಗ ದಿನಾ ಸಂಜೆ ಗಾಳಿ ಹೊಡೆಯುತ್ತಿದ್ದ, ಅದನ್ನು ಅವನು ಹೆಮ್ಮೆಯಿಂದಲೇ ಹೇಳಿದ. ನಾನು ಎಣ್ಣೆಯ ಕೂಲರಿನ ನಾಲ್ಕು ಬೋಲ್ಟ್ ಸಡಿಲಿಸಿ, ಪೈಪು ಬಿಚ್ಚದೆ, ಅದನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಓರೆ ಮಾಡಿದೆ. ಎರಡರ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟೆ.

ಅಲ್ಲಿ ಒಂದು ಚಾಪೆ ಇತ್ತು. ನಾರಿನ ಎಳೆ ಹಾಸು, ಪುಡಿ ಹೊಕ್ಕು, ಮೇಲೆ ಸೋರಿದ ಹೈಡ್ರಾಲಿಕ್ ಎಣ್ಣೆಯ ತೇವ ಕುಡಿದು, ಕಾವಿಗೆ ಒಣಗಿ ಕಂಬಳಿಯಂತೆ ಹೆಣೆದುಕೊಂಡಿತ್ತು. ರೇಡಿಯೇಟರಿನ ಮುಕ್ಕಾಲು ಭಾಗ ಮುಚ್ಚಿತ್ತು. ಮೂಲೆ ಹಿಡಿದು ಎಳೆದರೆ ಅಂಗೈಯಗಲದ ತುಂಡು ತುಂಡಾಗಿ ಬಂತು. ಅದರ ಒಂದು ಮಗ್ಗುಲಿಗೆ ರೇಡಿಯೇಟರಿನ ಗೆರೆಗಳೆಲ್ಲ ಅಚ್ಚು ಬಿದ್ದಿದ್ದವು. ಹೊರಗಿನಿಂದ ಹೊಡೆದ ಗಾಳಿ ಅದನ್ನು ಕದಲಿಸಿರಲಿಲ್ಲ, ಇನ್ನಷ್ಟು ಒಳಗೆ ಒತ್ತಿತ್ತು. ಹುಡುಗ ಒಂದು ತುಂಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ನಾನು ದಿನಾ ಹೊಡೀತಿದ್ನಲ್ಲಣ್ಣ" ಅಂದ. ಅವನ ತಪ್ಪಲ್ಲ. ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಹಾಯುತ್ತದೆ, ಅದರ ಎದುರು ದಿಕ್ಕಿನಿಂದ ಹೊಡೆಯಬೇಕು, ಎರಡು ಕೋರಿನ ನಡುವೆ ಸಂದಿ ಇದೆ ಎಂದು ಯಾರೂ ಅವನಿಗೆ ತೋರಿಸಿಕೊಟ್ಟಿರಲಿಲ್ಲ.

ಗೊಬ್ಬರ ಬಾಚಲು ಹುಟ್ಟಿದ ಯಂತ್ರ ಟರ್ಕಿ ಕೋಳಿಯ ಪುಕ್ಕದ ಬದಲು ತೆಂಗಿನ ನಾರು ಉಸಿರಾಡುತ್ತಿತ್ತು. ಬೇರೆ ಏನೂ ಆಗಿರಲಿಲ್ಲ.

ಸಂದಿಯನ್ನು ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ, ಕಡಿಮೆ ಒತ್ತಡದ ಗಾಳಿಯನ್ನು ನೇರವಾಗಿ ಬಿಟ್ಟು, ಎಣ್ಣೆಯ ಜಿಡ್ಡು ತೊಳೆದೆವು. ಓರೆಯಾಗಿ ಜೋರು ನೀರು ಹೊಡೆದರೆ ತೆಳ್ಳನೆಯ ರೆಕ್ಕೆಗಳು ಮಡಚಿಕೊಂಡು ಶಾಶ್ವತವಾಗಿ ಬಾಯಿ ಮುಚ್ಚುತ್ತವೆ. ಸೋರುತ್ತಿದ್ದ ಹೈಡ್ರಾಲಿಕ್ ಪೈಪಿನ ತುದಿ ಬಿಗಿ ಮಾಡಿದೆ. ಬೋರ್ ನೀರು ಚೆಲ್ಲಿ, ಸುಣ್ಣ ಬಿಡಿಸುವ ದ್ರಾವಣ ಹಾಕಿ ಓಡಿಸಿ ತೊಳೆದು, ಕೂಲೆಂಟಿಗೆ ಶುದ್ಧ ಮಾಡಿದ ನೀರು ಬೆರೆಸಿ ತುಂಬಿದೆ.

ಥರ್ಮೋಸ್ಟಾಟ್ ಮಾತ್ರ ಮಾಲೀಕರೊಡನೆ ವಾದ ಮಾಡಿ ತರಿಸಬೇಕಾಯಿತು. ಅದನ್ನು ಕಿತ್ತು ಬಿಸಾಕುವುದು ನಮ್ಮ ಗ್ಯಾರೇಜುಗಳ ಹಳೆಯ ರೋಗ. ನೀರಿಗೆ ಅದು ಅಡ್ಡ, ತೆಗೆದರೆ ಇಂಜಿನ್ ತಣ್ಣಗಿರುತ್ತದೆ ಎಂಬ ನಂಬಿಕೆ. ಸರ್ಜಿಯಸ್ ವರ್ನೆ ಎಂಬಾತ 1930ರ ದಶಕದಲ್ಲಿ ರೂಪಿಸಿದ ಮೇಣದ ಗುಳಿಗೆಯ ಥರ್ಮೋಸ್ಟಾಟ್ ಇವತ್ತಿಗೂ ನಮ್ಮ ಇಂಜಿನ್ನುಗಳಲ್ಲಿದೆ. ಕಾವಿಗೆ ಮೇಣ ಕರಗಿ ಹಿಗ್ಗುತ್ತದೆ, ವಾಲ್ವನ್ನು ತಳ್ಳುತ್ತದೆ, ನೀರು ರೇಡಿಯೇಟರಿಗೆ ಹೋಗುತ್ತದೆ. ಆದರೆ ಬಹಳ ಇಂಜಿನ್ನುಗಳಲ್ಲಿ ಅದು ತೆರೆಯುವಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟೇ ಇಲ್ಲದಿದ್ದರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಖ ನೋಡದೆ ಮತ್ತೆ ಇಂಜಿನ್ನಿಗೇ ನುಗ್ಗುತ್ತದೆ. ಬೆಳಗಿನ ಚಳಿಯಲ್ಲಿ ಇಂಜಿನ್ ಹದಕ್ಕೆ ಬರುವುದಿಲ್ಲ, ಮಧ್ಯಾಹ್ನದ ಭಾರಕ್ಕೆ ಕಾಯುವುದು ನಿಲ್ಲುವುದಿಲ್ಲ. ತಂದ ಹೊಸ ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಫ್ಯಾಕ್ಟರಿಯ ಅಡುಗೆಯವಳ ಪಾತ್ರೆಯಲ್ಲಿ ನೀರು ಕಾಯಿಸಿ ಇಳಿಬಿಟ್ಟೆ. ಅದರ ಮೇಲೆ 82 ಅಂತ ಬರೆದಿತ್ತು. ಮಾಪಕ 82 ದಾಟುತ್ತಿದ್ದ ಹಾಗೆ ಅದು ಮೆಲ್ಲನೆ ಬಾಯಿ ತೆರೆಯುವುದನ್ನು ಹುಡುಗ, ಮಾಲೀಕರು, ಅಡುಗೆಯವಳು ಮೂವರೂ ಬಗ್ಗಿ ನೋಡಿದರು. ಅದಾದ ಮೇಲೆ ಮಾಲೀಕರು ವಾದ ಮಾಡಲಿಲ್ಲ.

ಮಧ್ಯಾಹ್ನ ಒಂದೂವರೆ ಗಂಟೆಯ ಬಿಸಿಲಿನಲ್ಲಿ ಯಂತ್ರ ಎರಡು ಗಂಟೆ ಬಿಡದೆ ಲಾರಿ ತುಂಬಿತು. ಸೆನ್ಸರಿನ ಬುಡದಲ್ಲಿ ಕಾವು 91 ಡಿಗ್ರಿಗೆ ನಿಂತಿತು, ಮೇಲೇರಲಿಲ್ಲ.

ಹೊರಡುವಾಗ ಹುಡುಗನಿಗೆ ಹೇಳಿದ್ದನ್ನೇ ಈ ಯಂತ್ರ ಓಡಿಸುವ ಎಲ್ಲರಿಗೂ ಹೇಳುತ್ತೇನೆ. ದೀಪ ಬಂದರೆ ಇನ್ನೊಂದು ಬಕೆಟ್ ಅಂತ ಆಸೆ ಪಡಬೇಡಿ. ಭಾರ ಇಳಿಸಿ, ತೋಳು ನೆಲಕ್ಕೆ ತಂದು, ಯಂತ್ರವನ್ನು ನಿಧಾನದ ಓಟದಲ್ಲಿ ಬಿಡಿ. ಒಂದೆರಡು ನಿಮಿಷದಲ್ಲಿ ದೀಪ ಹೋಗದಿದ್ದರೆ ಆರಿಸಿ. ನೀರು ಚಿಮ್ಮುತ್ತಿದ್ದರೆ, ಬೆಲ್ಟ್ ಹರಿದಿದ್ದರೆ ಒಂದು ನಿಮಿಷವೂ ಕಾಯದೆ ಆಗಲೇ ಆರಿಸಿ. ಕಾದ ಇಂಜಿನ್ನಿಗೆ ತಣ್ಣೀರು ಹೊಯ್ಯಬೇಡಿ, ಹೆಡ್ ಸೀಳುತ್ತದೆ. ಮುಚ್ಚಳಕ್ಕೆ ಬರಿಗೈ ಇಟ್ಟು ಹಿಡಿದುಕೊಳ್ಳುವಷ್ಟು ತಣಿಯುವವರೆಗೆ ಅದನ್ನು ಬಿಚ್ಚಬೇಡಿ. ಸಾಮಾನು ತರಲು ಪೇಟೆಗೆ ಹೋಗುವ ಮೊದಲು ಟಾರ್ಚ್ ಹಿಡಿದು ಆ ಎರಡು ಕೋರುಗಳ ನಡುವಿನ ಸಂದಿಗೆ ಒಮ್ಮೆ ಇಣುಕಿ.